ಪಾಳು ಬಿಟ್ಟ ಗದ್ದೆ ಕಾಡಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಮಲೆನಾಡಿನ ಒಂದು ಮೂಲೆಯಲ್ಲಿ. ಮನೆಯ ಕೆಳಗಿನ ಗದ್ದೆಗೆ 17 ವರ್ಷದಿಂದ ನಾಟಿ ಮಾಡಿಲ್ಲ. ಮೊದಲು ಆಳು ಸಿಗಲಿಲ್ಲ, ಆಮೇಲೆ ಹಂದಿ ಕಾಟ, ಕೊನೆಗೆ ನಮಗೇ ಮನಸ್ಸು ಹೋಯಿತು. ಈಗ ಅಲ್ಲಿ ಒಳಗೆ ಹೋಗಬೇಕಾದರೆ ಕತ್ತಿ ಬೇಕು. ಬಂದ ನೆಂಟರು, ಪೇಟೆಯಿಂದ ಬರುವ ಗೆಳೆಯರು, ಪಿಯುಸಿ ಓದುವ ಅಣ್ಣನ ಮಗಳು ಎಲ್ಲರೂ ಅದನ್ನು ನೋಡಿ ಏನಾದರೊಂದು ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಪುಸ್ತಕದಲ್ಲಿ ‘ಅನುಕ್ರಮಣ’ ಅಂತಾರಲ್ಲ, ಹಾಗಂದ್ರೆ ಏನು?

ಒಂದು ಜಾಗದಲ್ಲಿರುವ ಗಿಡ, ಹುಳ, ಹಕ್ಕಿ, ಪ್ರಾಣಿಗಳ ಬಳಗ ವರ್ಷ ಕಳೆದಂತೆ ಬದಲಾಗುತ್ತಾ ಹೋಗುವುದು. ಮೊದಲು ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ. ಜೊತೆಗೆ ಮಣ್ಣು, ನೆರಳು, ತೇವ ಎಲ್ಲವೂ ಬದಲಾಗುತ್ತವೆ. ಮಳೆಗಾಲದಲ್ಲಿ ಹಸಿರಾಗಿ ಬೇಸಿಗೆಯಲ್ಲಿ ಒಣಗುವುದು ಇದಲ್ಲ, ಅದು ವರ್ಷ ವರ್ಷ ತಿರುಗಿ ಬರುತ್ತದೆ. ಇಲ್ಲಿ ಒಮ್ಮೆ ಹೋದವರು ಸುಲಭಕ್ಕೆ ವಾಪಸ್ ಬರುವುದಿಲ್ಲ.

ಪುಸ್ತಕದ ಹೆಸರು ಕಷ್ಟ ಅನಿಸಿದರೆ ನಮ್ಮ ಊರಿನ ಮಾತನ್ನೇ ಹಿಡಿಯಿರಿ. ಹುಲ್ಲಿನ ಜಾಗಕ್ಕೆ ಬ್ಯಾಣ ಅನ್ನುತ್ತೇವೆ. ಪೊದೆ, ಕುರುಚಲು ಬೆಳೆದ ಜಾಗ ಹಕ್ಕಲು. ಮರ ಒತ್ತಿಕೊಂಡು ಬೆಳೆದು ನಡು ಮಧ್ಯಾಹ್ನವೂ ಕತ್ತಲಿರುವುದು ಕಾನು. ಇವು ಜಮೀನಿನ ಬಗೆಗಳ ಹೆಸರು, ನಿಜ. ಆದರೆ ಅಡಿಪಾಯದಿಂದ ಮಾಡಿನವರೆಗೆ ಮನೆ ಎದ್ದ ಹಾಗೆ ಒಂದೇ ಜಾಗ ಈ ಮೂರನ್ನೂ ದಾಟಿದ್ದನ್ನು ನೋಡಿದ ಮುದುಕರು ಇದ್ದಾರೆ.

ಪ್ರಾಥಮಿಕ, ದ್ವಿತೀಯ ಅಂತ ಎರಡು ಬಗೆ ಯಾಕೆ?

ಮಣ್ಣು ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಬರೀ ಬಂಡೆ, ಲಾವಾ, ಹಿಮನದಿ ಸರಿದು ಬಿಟ್ಟುಹೋದ ಜಲ್ಲಿ, ಇವುಗಳ ಮೇಲೆ ಸೊನ್ನೆಯಿಂದ ಶುರುವಾದರೆ ಅದು ಪ್ರಾಥಮಿಕ. ನಮ್ಮ ಗದ್ದೆಯ ಹಾಗೆ ಮಣ್ಣು, ಅದರೊಳಗೆ ಬೀಜ, ಬೇರು, ಎರೆಹುಳ ಎಲ್ಲ ಇದ್ದು ಮೇಲಿನದು ಮಾತ್ರ ಹೋಗಿದ್ದರೆ ದ್ವಿತೀಯ. ಎರಡನೆಯದು ಬೇಗ ನಡೆಯುತ್ತದೆ.

ಸೊನ್ನೆಯಿಂದ ಶುರುವಾಗುವುದಕ್ಕೆ ಐಸ್‌ಲ್ಯಾಂಡಿನ ಸರ್ಟ್ಸಿ ದ್ವೀಪ ಒಳ್ಳೆಯ ಉದಾಹರಣೆ. 1963ರ ನವೆಂಬರ್‌ನಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿಯಿಂದ ಎದ್ದ ನೆಲ ಅದು. ಜ್ವಾಲಾಮುಖಿ ತಣ್ಣಗಾಗಿದ್ದು 1967ರಲ್ಲಿ. ಅಚ್ಚರಿ ಅಂದರೆ ಅದು ಉಗುಳುತ್ತಿರುವಾಗಲೇ, 1965ರಲ್ಲಿ, ದಡದ ಮರಳಿನಲ್ಲಿ ಒಂದು ಗಿಡ ಚಿಗುರಿತ್ತು. ಸಾಸಿವೆ ಜಾತಿಯದು, ಬೀಜ ಅಲೆಯ ಮೇಲೆ ತೇಲಿ ಬಂದಿತ್ತು. ಆಮೇಲೆ ಹಾವಸೆ, ಕಲ್ಲುಹೂವು ಬಂದವು. ಆದರೂ ಮುಂದಿನ 20 ವರ್ಷ ದ್ವೀಪ ಬಹಳ ಮಟ್ಟಿಗೆ ಬೋಳೇ. ಆಟ ಬದಲಾಗಿದ್ದು 1980ರ ದಶಕದ ನಡುವೆ ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದ ಮೇಲೆ. ಅವುಗಳ ಹಿಕ್ಕೆ ಬಿದ್ದಲ್ಲೆಲ್ಲ ಹುಲ್ಲು ದಟ್ಟವಾಯಿತು. ಗೊಬ್ಬರ ಹಾಕದೆ ಬೆಳೆ ಬರಲ್ಲ ಅನ್ನುವುದು ಅಲ್ಲಿಗೂ ಒಪ್ಪುತ್ತದೆ ನೋಡಿ.

ಮೊದಲು ಬರುವುದು ಯಾರು? ಕಣ್ಣಾರೆ ನೋಡೋಕೆ ಐಸ್‌ಲ್ಯಾಂಡಿಗೇ ಹೋಗಬೇಕಾ?

ಬೇಡ. ಯಾರಾದರೂ ಜೆಸಿಬಿಯಲ್ಲಿ ಧರೆ, ಅಂದರೆ ಗುಡ್ಡದ ಇಳಿಜಾರು, ಕಡಿದಿದ್ದರೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರಿ. ನಮ್ಮ ಹಿತ್ತಲಲ್ಲಿ ಕೊಟ್ಟಿಗೆ ಕಟ್ಟಲು ಕಡಿದ ಧರೆ ಮೊದಲ ಬೇಸಿಗೆಯಲ್ಲಿ ಇಟ್ಟಿಗೆಯ ಹಾಗೆ ಕೆಂಪಗೆ ಇತ್ತು. ಮೊದಲ ಮಳೆಗಾಲದಲ್ಲಿ ನೀರು ಜಿನುಗುವ ಕಡೆಯೆಲ್ಲ ಕಪ್ಪು-ಹಸಿರು ಪಾಚಿ ಹಿಡಿಯಿತು, ಕೈ ಇಟ್ಟರೆ ಲೋಳೆ. ಎರಡನೇ ವರ್ಷ ಅದರ ಮೇಲೆ ಹಾವಸೆ. ಹಾವಸೆಯನ್ನು ಉಗುರಲ್ಲಿ ಎಬ್ಬಿಸಿ ನೋಡಿದೆ, ಅಡಿಯಲ್ಲಿ ಎರಡು ದೋಸೆಯಷ್ಟು ದಪ್ಪದ ಕಪ್ಪು ಮಣ್ಣು! ಕೆಂಪು ಜಂಬಿಟ್ಟಿಗೆಯ ಮೇಲೆ ಆ ಕಪ್ಪು ಎಲ್ಲಿಂದ ಬಂತು? ಸತ್ತ ಪಾಚಿ, ಗಾಳಿಯ ಧೂಳು, ಮೇಲಿಂದ ಉದುರಿದ ಎಲೆಯ ಪುಡಿ. ಹಾವಸೆ ಅದನ್ನೆಲ್ಲ ಹಿಡಿದಿಟ್ಟುಕೊಂಡಿತ್ತು, ಅಷ್ಟೇ. ಆ ಎರಡು ದೋಸೆಯಲ್ಲಿ ಮೂರನೇ ವರ್ಷ ಜರಿಗಿಡ ಬೇರು ಬಿಟ್ಟಿತು, ಜೊತೆಗೆ ಗುಲಾಬಿ ಬಣ್ಣದ ಕಾಡು ಗೌರಿಹೂ. ಐದನೇ ವರ್ಷ ಧರೆಯ ಬಿರುಕಿನಲ್ಲಿ ಒಂದು ಚಂದಕಲು ಸಸಿ. ಈಗ ಅದು ಕೊಟ್ಟಿಗೆಯ ಮಾಡಿಗಿಂತ ಎತ್ತರ, ಬಿದ್ದರೆ ಹೆಂಚು ಹೋಗುತ್ತದೆ ಅಂತ ಮನೆಯಲ್ಲಿ ದಿನಾ ಗಲಾಟೆ.

ಗದ್ದೆಯಲ್ಲಿ ಏನೇನಾಯಿತು? ವರ್ಷದ ಲೆಕ್ಕದಲ್ಲಿ ಹೇಳಿ.

ಮೊದಲ ಎರಡು ವರ್ಷ ಗದ್ದೆಯ ಹಳೆಯ ಕಳೆಗಳದ್ದೇ ದರ್ಬಾರು. ಜೇಕು, ಗರಿಕೆ, ಹೊನಗೊನ್ನೆ, ಬದುವಿನ ಮೇಲೆ ಒಂದೆಲಗ. ಇವೆಲ್ಲ ಮೊದಲೂ ಇದ್ದವೇ, ನಾವು ಕಿತ್ತು ಬಿಸಾಡುತ್ತಿದ್ದೆವು. ಕೀಳುವ ಕೈ ನಿಂತಿತು, ಅವು ಎದ್ದವು. ಆ ವರ್ಷ ನಮ್ಮ ಎಮ್ಮೆಗೆ ಹಬ್ಬ.

ಮೂರನೇ ವರ್ಷಕ್ಕೆ ಮುಟ್ಟಿದರೆ ಮುನಿ ಹಬ್ಬಿ ಕಾಲಿಡಲು ಆಗುತ್ತಿರಲಿಲ್ಲ. ನಾಲ್ಕು, ಐದನೇ ವರ್ಷ ಬದುವಿನ ಕಡೆಯಿಂದ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ನುಗ್ಗಿತು, ಜೊತೆಗೆ ನೆಕ್ಕರಿಕದ ಪೊದೆ. ಗಮನಿಸಿ, ಗದ್ದೆಯ ನಡುವೆ ಮೊದಲು ಬರಲಿಲ್ಲ, ಬದುವಿನಲ್ಲಿ ಬಂತು. ನಡುವೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಬದು ಒಡೆದು ನೀರು ಹರಿದುಹೋಗಲು ಶುರುವಾದ ಮೇಲೆಯೇ ನಡುವಿನ ಜಾಗಕ್ಕೂ ಪೊದೆ ಬಂದಿದ್ದು. ಬದು ಒಡೆದಿದ್ದು ಏಡಿಗಳಿಂದ. ಒಂದು ಕಾಲದಲ್ಲಿ ಅಪ್ಪ ಅದೇ ಏಡಿಗಳಿಗೆ ಬೈದು ಬೈದು ತೂತು ಮುಚ್ಚುತ್ತಿದ್ದರು.

ಎಂಟನೇ ವರ್ಷದ ಹೊತ್ತಿಗೆ ಪೊದೆಯ ತಲೆಯ ಮೇಲೆ ಚಂದಕಲು ಕೊಡೆ ಬಿಚ್ಚಿತು. ನಿಜಕ್ಕೂ ಕೊಡೆಯೇ, ಅದರ ದುಂಡು ಎಲೆಗೆ ತೊಟ್ಟು ಅಂಚಿನಲ್ಲಿ ಇರುವುದಿಲ್ಲ, ಒಳಗೆ ಕೂತಿರುತ್ತದೆ. ಕರಾವಳಿಯವರು ಇದಕ್ಕೆ ಉಪ್ಪಳಿಗೆ ಅನ್ನುತ್ತಾರೆ. ಬಿಸಿಲು ಸಿಕ್ಕರೆ ಸಾಕು, ಸರಸರ ಮೇಲೇಳುತ್ತದೆ. ಮರ ಮೆತ್ತಗೆ, ಆಯುಸ್ಸು ಕಡಿಮೆ. ಅದರ ನೆರಳು ಬಿದ್ದಲ್ಲಿ ಕಮ್ಯುನಿಸ್ಟ್ ಗಿಡ ಸೊರಗಿತು. ಆಮೇಲೆ ಒಳಗೆ ನೇರಳೆ, ಮತ್ತಿ, ಕೌಲು, ಮುರುಗಲು, ಹಳ್ಳದ ಬದಿಗೆ ಮುಂಡಿಗೆ. 12ನೇ ಮಳೆಗಾಲದಲ್ಲಿ ನನ್ನ ಕಾಲಿಗೆ ಮೊದಲ ಉಂಬಳ (ಜಿಗಣೆ) ಹತ್ತಿತು. ಒಳಗೆ ತಂಪು, ತೇವ ನಿಂತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕಾಗಿಲ್ಲ.

ಇಷ್ಟೆಲ್ಲ ಮರದ ಬೀಜ ತಂದು ಹಾಕಿದ್ದು ಯಾರು?

ಗದ್ದೆಯ ಮೂಲೆಯಲ್ಲಿ ಒಂದು ಹಳೆಯ ನೆಲ್ಲಿ ಮರ ಇತ್ತು. ಏಳನೇ ವರ್ಷ ಅದರ ಬುಡದಲ್ಲಿ ಕೂತು ಸಸಿ ಹುಡುಕಿದೆ. ಒಂದು ಚಾಪೆಯಷ್ಟು ಜಾಗದಲ್ಲಿ ನೇರಳೆ, ದಾಲ್ಚಿನ್ನಿ, ಅತ್ತಿ, ಕೇಪಳ ಸಿಕ್ಕವು. ನೆಲ್ಲಿಯ ಸಸಿ ಒಂದೇ! ಹತ್ತು ಮಾರು ಆಚೆ ಬಯಲಲ್ಲಿ ಹುಡುಕಿದರೆ ಹುಲ್ಲು ಬಿಟ್ಟು ಏನೂ ಇಲ್ಲ. ಪಿಕಳಾರ, ಕುಟ್ರು ಹಕ್ಕಿ ಎಲ್ಲೋ ಹಣ್ಣು ತಿಂದು ಈ ಕೊಂಬೆಗೆ ಬಂದು ಕೂರುತ್ತವೆ, ಹಿಕ್ಕೆ ಹಾಕುತ್ತವೆ. ಕೂರಲು ಒಂದು ಕೊಂಬೆ ಇಲ್ಲದ ಬಯಲಿಗೆ ಅವು ಯಾಕೆ ಬರಬೇಕು? ರಾತ್ರಿ ಪಾಳಿ ಬಾವಲಿ ಮತ್ತು ಕಬ್ಬೆಕ್ಕಿನದು. ಮತ್ತಿಯ ಬೀಜಕ್ಕೆ ರೆಕ್ಕೆ ಇದೆ, ಅದು ಗಾಳಿಯಲ್ಲಿ ಬರುತ್ತದೆ.

ಕಷ್ಟ ಇರುವುದು ದೊಡ್ಡ ಬೀಜದವಕ್ಕೆ. ರಾಮಪತ್ರೆಯ ಬೀಜ ನುಂಗಿ ಹೊತ್ತುಕೊಂಡು ಹೋಗಲು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು. ಧೂಪದ ಬೀಜ ದಪ್ಪ, ಬಿದ್ದ ಕೆಲವೇ ದಿನದಲ್ಲಿ ಮೊಳೆಯದಿದ್ದರೆ ಸತ್ತೇಹೋಯಿತು. ಹತ್ತಿರದಲ್ಲಿ ತಾಯಿಮರ ಇಲ್ಲದಿದ್ದರೆ ನೂರು ವರ್ಷ ಕಾದರೂ ಇವು ತಾವಾಗಿ ಬರುವುದು ಕಷ್ಟ. ಅದಕ್ಕೇ ನಾನು ಯಾರಾದರೂ ‘ನಮ್ಮ ಜಾಗ ಕಾಡಾಗುತ್ತಾ’ ಅಂದರೆ ‘ಪಕ್ಕದಲ್ಲಿ ಏನಿದೆ’ ಅಂತಲೇ ಮೊದಲು ಕೇಳುವುದು. ನಮ್ಮ ಗದ್ದೆಯಿಂದ ಅರ್ಧ ಕಿಲೋಮೀಟರ್ ಒಳಗೆ ಒಂದು ದೇವರಕಾಡು ಇದೆ. ನಮ್ಮ ಭಾಗ್ಯ ಅಷ್ಟೇ, ನಮ್ಮ ಸಾಧನೆ ಏನಿಲ್ಲ.

ಹಕ್ಕಿ, ಗಾಳಿ ಬೀಜ ತರುವುದು ನಡುವೆ ಸಮುದ್ರ ಇದ್ದರೂ ನಡೆಯುತ್ತದೆ, ಸ್ವಲ್ಪ ತಡ ಅಷ್ಟೇ. ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ 1883ರ ಆಗಸ್ಟ್‌ನಲ್ಲಿ ಸಿಡಿದಾಗ ದ್ವೀಪದ ಬಹುಪಾಲು ಹೋಯಿತು, ಉಳಿದಿದ್ದರ ಮೇಲೆ ಬಿಸಿ ಬೂದಿ. ಮರು ವರ್ಷ ಮೇ ತಿಂಗಳಲ್ಲಿ ಹೋದವರಿಗೆ ಕಂಡ ಜೀವಿ ಒಂದೇ ಒಂದು ಪುಟ್ಟ ಜೇಡ, ಬಲೆ ನೇಯುತ್ತಿತ್ತಂತೆ. 1886ಕ್ಕೆ ಬೂದಿಯ ಮೇಲೆ ಪಾಚಿಯ ಪೊರೆ, ಅದರ ಮೇಲೆ ಜರಿಗಿಡ. ಮುಂದೆ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ ಅತ್ತಿ ಜಾತಿಯ ಬೀಜಗಳು ಬಂದವು. ಸುಮಾರು 50 ವರ್ಷದಲ್ಲಿ ಅಲ್ಲಿ ಮರಗಳ ಚಪ್ಪರ ಕೂಡಿತ್ತು.

ಮೊದಲು ಬಂದ ಗಿಡ ಮುಂದಿನದಕ್ಕೆ ಜಾಗ ಮಾಡಿಕೊಡುತ್ತದೆ ಅಂತಾರೆ. ಗಿಡಗಳು ಅಷ್ಟು ಒಳ್ಳೆಯವಾ?

ಯಾವ ಗಿಡಕ್ಕೂ ಅಂಥ ಉದ್ದೇಶ ಇಲ್ಲ. ಮೂರು ತರ ಆಗುತ್ತದೆ. 1977ರಲ್ಲಿ ಕಾನೆಲ್ ಮತ್ತು ಸ್ಲೇಟರ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಬಿಡಿಸಿ ಬರೆದರು. ಒಂದು, ಮೊದಲಿನದು ಗೊತ್ತಿಲ್ಲದೆ ಸಹಾಯ ಮಾಡುತ್ತದೆ, ನಮ್ಮ ಧರೆಯ ಹಾವಸೆಯ ಹಾಗೆ. ಎರಡು, ಸಹಾಯವೂ ಇಲ್ಲ ತೊಂದರೆಯೂ ಇಲ್ಲ, ಮುಂದಿನದು ನೆರಳು ಸಹಿಸಿಕೊಂಡು ಸುಮ್ನೆ ಕಾಯುತ್ತದೆ. ಮೂರು, ಮೊದಲು ಬಂದವನು ಸೀಟು ಬಿಡುವುದೇ ಇಲ್ಲ, ಅವನು ಸಾಯುವ ತನಕ ಉಳಿದವರು ಹೊರಗೆ. ನಿಜವಾದ ಜಾಗದಲ್ಲಿ ಮೂರೂ ಬೆರೆತಿರುತ್ತವೆ.

ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರ ಮೇ 18ರಂದು ಸಿಡಿದ ಮೇಲೆ ಬೋಳು ಬಯಲಲ್ಲಿ ಮೊದಲು ಕಾಲೂರಿದ್ದು ಲುಪಿನ್ ಎಂಬ ದ್ವಿದಳ ಜಾತಿಯ ಗಿಡ. ನಮ್ಮ ಹುರುಳಿ, ಅಲಸಂದೆಯ ಹಾಗೆ ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಡುತ್ತದೆ. ಅದು ಸತ್ತ ಜಾಗದಲ್ಲಿ ಬೇರೆಯವು ಚೆನ್ನಾಗಿ ಬಂದವು, ಆದರೆ ಬದುಕಿರುವಾಗ ಅದೇ ಗಿಡ ಪಕ್ಕದವರಿಗೆ ಜಾಗವನ್ನೂ ಕೊಡುತ್ತಿರಲಿಲ್ಲ. ಆಮೇಲೆ ಕಂಬಳಿಹುಳಗಳು ಬಂದು ಲುಪಿನ್ ತಿಂದು ಅದರ ಓಟಕ್ಕೆ ಕಡಿವಾಣ ಹಾಕಿದವು. ನೆಲದಡಿಯ ಬಿಲದಲ್ಲಿ ಬದುಕುಳಿದ ಇಲಿಯಂಥ ಗೋಫರ್‌ಗಳು ಹಳೆಯ ಮಣ್ಣನ್ನು ಬೂದಿಯ ಮೇಲೆ ತಂದು ಹಾಕಿದವು. ಕಥೆ ಪುಸ್ತಕದ ಬಾಣದ ಗುರುತಿನ ಹಾಗೆ ನೇರ ಇರಲ್ಲ ಅಂತ ಹೇಳಲು ಇಷ್ಟು ಹೇಳಿದೆ.

ಅಂದ್ರೆ ಪುಸ್ತಕದ ಹಂತಗಳು ಸುಳ್ಳಾ?

ಸುಳ್ಳಲ್ಲ, ಸರಳ ಮಾಡಿ ಹೇಳಿದ್ದು. ಅಲಾಸ್ಕಾದ ಗ್ಲೇಸಿಯರ್ ಬೇಯಲ್ಲಿ ಹಿಮನದಿ ಹಿಂದೆ ಸರಿಯುತ್ತಾ ಹೋದಂತೆ ಹೊಸ ನೆಲ ಬಯಲಾಯಿತು. ವಿಲಿಯಂ ಕೂಪರ್ ಎಂಬ ವಿಜ್ಞಾನಿ 1916ರಲ್ಲಿ ಅಲ್ಲಿ ಗುರುತು ಹಾಕಿ ಗಮನಿಸಲು ಶುರು ಮಾಡಿದರು. ಹಾವಸೆ, ಆಮೇಲೆ ಸಾರಜನಕ ಕೂಡಿಡುವ ಆಲ್ಡರ್ ಪೊದೆ, ಆಮೇಲೆ ಸ್ಪ್ರೂಸ್ ಮರ. ಎಲ್ಲ ಪಠ್ಯಪುಸ್ತಕದಲ್ಲೂ ಈ ಸಾಲು ಇದೆ. ಆದರೆ 1990ರ ದಶಕದಲ್ಲಿ ಮರಗಳ ಉಂಗುರ ಎಣಿಸಿ ನೋಡಿದಾಗ, ಹಳೆಯ ಜಾಗಗಳಲ್ಲಿ ಆಲ್ಡರ್‌ಗೆ ಕಾಯದೆ ಸ್ಪ್ರೂಸ್ ನೇರವಾಗಿ ಬಂದಿತ್ತು ಅಂತ ಗೊತ್ತಾಯಿತು. ಬೀಜ ಕೊಡುವ ಮರ ಹತ್ತಿರ ಇತ್ತು, ಬಂತು. ಮತ್ತೆ ಅದೇ, ಪಕ್ಕದಲ್ಲಿ ಏನಿದೆ ಅನ್ನುವ ಪ್ರಶ್ನೆ.

ಲಂಟಾನ ಬಂದರೆ ಮುಗೀತಾ?

ಮುಗಿಯುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಹೇಳಿದ ‘ಸೀಟು ಬಿಡದವನು’ ಅಂದರೆ ಇದೇ. ಅಮೆರಿಕದ ಉಷ್ಣವಲಯದ ಗಿಡ, 19ನೇ ಶತಮಾನದ ಶುರುವಿನಲ್ಲಿ ಅಂದದ ಹೂವಿಗೆ ಅಂತ ಬ್ರಿಟಿಷರು ತಂದಿದ್ದು. ಈಗ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಡೆ ಮರಗಳ ಕೆಳಗೆ ಅದೇ ಅದು. ಹಕ್ಕಿಗಳಿಗೆ ಹಣ್ಣು ಇಷ್ಟ, ದನಕ್ಕೆ ಎಲೆ ಬೇಡ, ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೂ ಚಿಗುರುತ್ತದೆ. ಅದರಡಿಯ ಕತ್ತಲಲ್ಲಿ ಮರದ ಸಸಿ ಮೇಲೇಳುವುದು ಕಷ್ಟ. ಇಂಥ ಕಡೆ ‘ಪ್ರಕೃತಿ ನೋಡಿಕೊಳ್ಳುತ್ತೆ ಬಿಡಿ’ ಅಂತ ಕೈಕಟ್ಟಿ ಕೂರುವುದು ನನ್ನ ಪ್ರಕಾರ ಸೋಮಾರಿತನ. ಬುಡ ಸಮೇತ ಕಿತ್ತು, ಮರು ವರ್ಷ, ಅದರ ಮರು ವರ್ಷ ಮತ್ತೆ ಸಸಿ ಕೀಳಬೇಕು. ಬಯಲುಸೀಮೆಯಲ್ಲಿ ಇದೇ ಕೆಲಸ ಬಳ್ಳಾರಿ ಜಾಲಿ ಮಾಡುತ್ತದೆ.

ಅಕೇಶಿಯಾ ತೋಪಿನ ಕೆಳಗೆ ನಮ್ಮ ಮರ ಬರುತ್ತಾ?

ಪಕ್ಕದಲ್ಲಿ ಒಳ್ಳೆಯ ಕಾಡಿದ್ದು, ಮಧ್ಯೆ ಬೆಂಕಿ ಬೀಳದೆ, ಕಟಾವನ್ನೂ ಮಾಡದೆ ಬಿಟ್ಟರೆ ಬರುತ್ತವೆ, ನೋಡಿದ್ದೇನೆ. ಆದರೆ ಕಡಿದು ಮತ್ತೆ ಅದನ್ನೇ ನೆಟ್ಟರೆ ಪ್ರತಿ ಸಲ ಒಂದನೇ ಕ್ಲಾಸಿಗೆ ವಾಪಸ್.

ಕೊನೆಗೆ ಒಂದು ದಿನ ಎಲ್ಲ ನಿಲ್ಲುತ್ತಾ? ಪೂರ್ತಿ ಕಾಡು ಆಯ್ತು, ಇನ್ನು ಬದಲಾವಣೆ ಇಲ್ಲ ಅಂತ?

ಇದರ ಬಗ್ಗೆ ನೂರು ವರ್ಷದ ಹಿಂದೆಯೇ ಜಗಳ ಆಗಿದೆ. ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ, ಮಗು ಬೆಳೆದು ದೊಡ್ಡವನಾದ ಹಾಗೆ ಪ್ರತಿ ಜಾಗವೂ ಅಲ್ಲಿನ ಹವಾಮಾನಕ್ಕೆ ತಕ್ಕ ಒಂದು ಕೊನೆಯ ರೂಪ ಮುಟ್ಟುತ್ತದೆ ಅಂದರು. ಇನ್ನೊಬ್ಬ ಸಸ್ಯವಿಜ್ಞಾನಿ ಹೆನ್ರಿ ಗ್ಲೀಸನ್ 1926ರಲ್ಲಿ, ಅದೆಲ್ಲ ಇಲ್ಲ, ಪ್ರತಿ ಜಾತಿಯೂ ತನ್ನ ಪಾಡಿಗೆ ತಾನು ಬರುತ್ತದೆ, ಹೋಗುತ್ತದೆ ಅಂದರು. ಈಗ ಹೆಚ್ಚಿನವರು ಗ್ಲೀಸನ್ ಕಡೆಗೆ ವಾಲುತ್ತಾರೆ. ನಾನೂ.

ಕಾನಿನೊಳಗೆ ಹೋಗಿ ನೋಡಿ. ಮಳೆಗಾಲದಲ್ಲಿ ಒಂದು ದೊಡ್ಡ ಮರ ಬುಡಮೇಲಾದರೆ ಅಲ್ಲಿ ಆಕಾಶ ಕಾಣುವ ಕಿಂಡಿ ಆಗುತ್ತದೆ. ಆ ಕಿಂಡಿಯಲ್ಲಿ ಮತ್ತೆ ಚಂದಕಲು ಏಳುತ್ತದೆ! ಅಕ್ಕಪಕ್ಕದಲ್ಲಿ ನೆರಳಿಗೆ ಒಗ್ಗಿದ ಹೈಗದ ಸಸಿಗಳು ಅವಕಾಶಕ್ಕಾಗಿ ಕಾಯುತ್ತಿರುತ್ತವೆ. ಬಿದಿರು ಇನ್ನೂ ಜೋರು. ದೊಡ್ಡ ಬಿದಿರು 40-50 ವರ್ಷಕ್ಕೊಮ್ಮೆ ಇಡೀ ಸೀಮೆಯಲ್ಲಿ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಸತ್ತುಹೋಗುತ್ತದೆ. ಆನೆಗಳು ತಿನ್ನುತ್ತಿದ್ದ ಹಿಂಡಲು ಒಂದೆರಡು ವರ್ಷದಲ್ಲಿ ಒಣ ಕಡ್ಡಿಯ ರಾಶಿ. ಆ ಬಯಲಾದ ಜಾಗಕ್ಕೆ ಬಿದಿರ ಸಸಿಯೇ ಬರಬಹುದು, ಲಂಟಾನವೂ ನುಗ್ಗಬಹುದು.

ಹಾಗಾದ್ರೆ ಕುದುರೆಮುಖದ ಹುಲ್ಲುಗಾವಲನ್ನೂ ಬಿಟ್ಟರೆ ಕಾಡಾಗುತ್ತಾ?

ಇದನ್ನು ಬಹಳ ಜನ ಕೇಳುತ್ತಾರೆ, ಕೆಲವರು ಗಿಡ ನೆಡಲೂ ಹೊರಡುತ್ತಾರೆ. ದಯವಿಟ್ಟು ಬೇಡ. ಶೋಲೆ ಅನ್ನುವ ಕುಳ್ಳ ಮರಗಳ ಕಾಡು ಕಣಿವೆಯಲ್ಲಿ, ಹುಲ್ಲು ಬೆಟ್ಟದ ಬೆನ್ನಿನ ಮೇಲೆ, ಇದು ಅರ್ಧಕ್ಕೆ ನಿಂತ ಕೆಲಸ ಅಲ್ಲ. ಗಾಳಿ, ಚಳಿ, ತೆಳು ಮಣ್ಣು, ಬೆಂಕಿ, ಮೇಯುವ ಪ್ರಾಣಿಗಳು ಎಲ್ಲ ಸೇರಿ ಆ ಹುಲ್ಲನ್ನು ಹುಲ್ಲಾಗಿಯೇ ಇಟ್ಟಿವೆ. ಇಂಥದೇ ಹುಲ್ಲುಗಾವಲಿರುವ ನೀಲಗಿರಿ ಬೆಟ್ಟದ ಜೌಗು ಮಣ್ಣಿನ ಪದರಗಳಲ್ಲಿ ಇಂಗಾಲದ ಗುರುತು ಹುಡುಕಿ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದ್ದು ಏನೆಂದರೆ, ಅಲ್ಲಿನ ಹುಲ್ಲಿನ ಇತಿಹಾಸ ಸುಮಾರು 20,000 ವರ್ಷ ಹಿಂದಕ್ಕೆ ಹೋಗುತ್ತದೆ. ಹವಾಮಾನ ಬದಲಾದಂತೆ ಹುಲ್ಲು ಹಿಗ್ಗಿದೆ, ಕಾಡು ಹಿಗ್ಗಿದೆ, ಮತ್ತೆ ತಿರುಗಿದೆ. ಮನುಷ್ಯ ಕಾಡು ಕಡಿದು ಮಾಡಿದ ಬೋಳು ಅದಲ್ಲ.

ಕಾಡಿಗೆ ಬೆಂಕಿ ಬಿದ್ದರೆ ಮತ್ತೆ ಮೊದಲಿನಿಂದ ಶುರುವಾ?

ಯಾವ ಕಾಡು, ಎಂಥ ಬೆಂಕಿ ಅನ್ನುವುದನ್ನು ನೋಡಬೇಕು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ 1988ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉರಿದುಹೋಯಿತು. ಅಲ್ಲಿನ ಒಂದು ಜಾತಿಯ ಪೈನ್ ಮರದ ಎಷ್ಟೋ ಕಾಯಿಗಳು ಅಂಟಿನಿಂದ ಮುಚ್ಚಿರುತ್ತವೆ, ಬೆಂಕಿಯ ಬಿಸಿಗೇ ಬಾಯಿ ಬಿಡುವುದು. ಹಾಗಾಗಿ ಸುಟ್ಟ ಮರಗಳ ಬುಡದಲ್ಲೇ ಸಾಲು ಸಾಲು ಸಸಿ ಎದ್ದವು. ನಮ್ಮ ಬಯಲು ಕಡೆಯ ಎಲೆ ಉದುರುವ ಕಾಡಿನ ತೇಗ, ಮತ್ತಿ, ದಿಂಡಿಗಕ್ಕೆ ದಪ್ಪ ತೊಗಟೆ ಅಥವಾ ಬುಡದಿಂದ ಚಿಗುರುವ ಶಕ್ತಿ ಇದೆ. ಒಂದು ನೆಲಬೆಂಕಿಗೆ ಅವು ಸಾಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಕಪ್ಪಾಗಿದ್ದನ್ನು ಟಿವಿಯಲ್ಲಿ ನೋಡಿದವರು ಅದೇ ವರ್ಷ ಮಳೆ ಬಿದ್ದ ಮೇಲೆ ಹಸಿರು ನೋಡಿ ಬೆರಗಾದರು. ಆದರೆ ವರ್ಷ ವರ್ಷ ಬೆಂಕಿ ಬಿದ್ದರೆ ಸಸಿಗಳು ದೊಡ್ಡವಾಗುವುದೇ ಇಲ್ಲ. ಮೇಲೆ ಮುದಿ ಮರ, ಕೆಳಗೆ ಹುಲ್ಲು ಮತ್ತು ಲಂಟಾನ, ನಡುವಿನ ತಲೆಮಾರು ಖಾಲಿ. ಘಟ್ಟದ ಒದ್ದೆ ಕಾಡಿನ ಮರಗಳಿಗಂತೂ ಬೆಂಕಿಯ ಅಭ್ಯಾಸವೇ ಇಲ್ಲ.

ಕೆರೆಯೂ ಹೀಗೇನಾ?

ಹೌದು. ಹೂಳು ತುಂಬುತ್ತದೆ, ತಾವರೆ ಇದ್ದಲ್ಲಿ ಜೊಂಡು, ಜೊಂಡು ಇದ್ದಲ್ಲಿ ಹುಲ್ಲು, ಆಮೇಲೆ ಹೊಂಗೆಯೋ ಜಾಲಿಯೋ. ಬಿಟ್ಟರೆ ಕೆರೆ ಬಯಲಾಗುತ್ತದೆ. ಹಿಂದೆ ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದವರು ಅಸಲಿಗೆ ಈ ಬದಲಾವಣೆಯನ್ನು ವರ್ಷ ವರ್ಷ ಹಿಂದಕ್ಕೆ ದೂಡುತ್ತಿದ್ದರು. ಅಡಿಕೆ ತೋಟಕ್ಕೆ ಸೊಪ್ಪು ಕಡಿದು, ದರಕು (ಒಣ ಎಲೆ) ಗುಡಿಸಿ ತರುವ ಸೊಪ್ಪಿನ ಬೆಟ್ಟವೂ ಹಾಗೆಯೇ, ಪೂರ್ತಿ ಕಾಡಾಗಲು ನಾವು ಬಿಡುವುದಿಲ್ಲ.

ಹಕ್ಕಿ, ಪ್ರಾಣಿಗಳು?

ಗದ್ದೆ ಇದ್ದಾಗ ಬೆಳ್ಳಕ್ಕಿ. ಹುಲ್ಲು ಬಂದಾಗ ರಾಟವಾಳದ ಗುಂಪು. ಪೊದೆಗೆ ಕೆಂಬೂತ. ಈಗ ಮರಕುಟಿಗ. ಒಂದು ಬಂದಾಗ ಒಂದು ಹೋಗಿದೆ, ಆ ಲೆಕ್ಕವನ್ನು ಜನ ಮರೆಯುತ್ತಾರೆ. ರಾಟವಾಳ ಈಗ ನಮ್ಮಲ್ಲಿ ಇಲ್ಲ.

ಪೂರ್ತಿ ಕಾಡಾಗಲು ಎಷ್ಟು ವರ್ಷ?

‘ಪೂರ್ತಿ’ ಅಂದರೆ ಯಾವುದು ಅಂತ ಮೊದಲು ಹೇಳಿ. ಅಮೆರಿಕ ಖಂಡಗಳ ಮತ್ತು ಪಶ್ಚಿಮ ಆಫ್ರಿಕಾದ ಉಷ್ಣವಲಯದಲ್ಲಿ ಬೇಸಾಯ, ಮೇವು ಬಿಟ್ಟ 77 ಕಡೆ ಲೆಕ್ಕ ಹಾಕಿ 2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಹಳೆಯ ಕಾಡಿನ ಮಟ್ಟದ ಶೇ 90 ಮುಟ್ಟಲು ಮಣ್ಣಿಗೆ 10 ವರ್ಷದೊಳಗೆ ಸಾಕು, ಕಾಡಿನ ಮೈಕಟ್ಟು ಮತ್ತು ಜಾತಿಗಳ ಸಂಖ್ಯೆಗೆ 25ರಿಂದ 60 ವರ್ಷ, ಮರಗಳ ಒಟ್ಟು ತೂಕಕ್ಕೆ ಮತ್ತು ಅದೇ ಹಳೆಯ ಜಾತಿಗಳೇ ವಾಪಸ್ ಬರಲು 120 ವರ್ಷಕ್ಕೂ ಜಾಸ್ತಿ. ನಮ್ಮ ಘಟ್ಟದ ಅಂಕಿ ಅಲ್ಲ ಇದು, ಆದರೆ ಅಂದಾಜಿಗೆ ಸಾಕು. ದೂರದಿಂದ ಹಸಿರು ಕಾಣಲು ನಿಮ್ಮ ಆಯುಸ್ಸು ಸಾಕು. ಕಾನು ಆಗಲು ಮೊಮ್ಮಕ್ಕಳ ಆಯುಸ್ಸು ಬೇಕು.

ನೆಡಬೇಕಾ, ಬಿಡಬೇಕಾ?

ನಾನು ಮಾಡಿದ ತಪ್ಪು ಹೇಳುತ್ತೇನೆ. ಆರನೇ ವರ್ಷ ಉತ್ಸಾಹ ಬಂದು, ಗದ್ದೆಯ ಒಂದು ತುಂಡಿನಲ್ಲಿ ಪೊದೆ ಎಲ್ಲ ಸವರಿ, ಒಂದು ನರ್ಸರಿಯಿಂದ ಧೂಪ, ರಾಮಪತ್ರೆ ಸಸಿ ತಂದು 60 ಗುಂಡಿಯಲ್ಲಿ ನೆಟ್ಟೆ. ‘ಯಾವ ಮಣ್ಣಲ್ಲಾದರೂ ಬರುತ್ತೆ ಸಾರ್’ ಅಂದಿದ್ದರು. ಮಾರ್ಚ್ ಬಿಸಿಲಿಗೆ ಎಲೆ ಸುಟ್ಟು, ಮುಂದಿನ ಮಳೆಗೆ ಉಳಿದಿದ್ದು ನಾಲ್ಕು. ಅವು ನೆರಳಲ್ಲಿ ಬೆಳೆಯುವ ಮರಗಳು, ನಾನು ನೆರಳನ್ನೇ ಕಡಿದು ಹಾಕಿದ್ದೆ. ಸವರದೆ ಬಿಟ್ಟ ಪಕ್ಕದ ತುಂಡಿನಲ್ಲಿ ಆ ಹೊತ್ತಿಗೆ ತಾವಾಗಿ ಬಂದ ಸಸಿಗಳು ನನ್ನ ಎದೆಮಟ್ಟ.

ಹಾಗಾಗಿ ನನ್ನ ಮಾತು ಇಷ್ಟು. ಪಕ್ಕದಲ್ಲಿ ಕಾಡಿದ್ದರೆ ದನ, ಬೆಂಕಿ, ಕತ್ತಿ ಮೂರನ್ನೂ ದೂರ ಇಟ್ಟು ಬಿಡಿ. ಬೋಳು ಬಯಲಾಗಿದ್ದರೆ ಹಕ್ಕಿ ಕೂರಲು ಅಲ್ಲಲ್ಲಿ ಅತ್ತಿ, ಬಸರಿ ನೆಡಿ. ದೊಡ್ಡ ಬೀಜದ ಕಾಡುಮರ ನೆಡುವ ಆಸೆ ಇದ್ದರೆ ಚಂದಕಲು ನೆರಳು ಕೂಡುವ ತನಕ ಕಾಯಿರಿ. ನಾನು ಎರಡನೇ ಸಲ ಹಾಗೆ ನೆಟ್ಟ ಧೂಪಗಳು ನಿಧಾನವಾದರೂ ಬದುಕಿವೆ.

ನೀವು ಆ ಗದ್ದೆಯನ್ನು ಹೀಗೇ ಬಿಡ್ತೀರಾ?

ತಮ್ಮನಿಗೆ ಅಲ್ಲಿ ಅಡಿಕೆ ಹಾಕುವ ಆಸೆ, ಊರಲ್ಲಿ ಎಲ್ಲರ ಗದ್ದೆಯೂ ಹಾಗೇ ಆಗಿದೆ. ಎರಡು ವರ್ಷ ಜಗಳ ಆಡಿ, ಹಳ್ಳದ ಬದಿಯ ಅರ್ಧ ಹೀಗೇ, ಮೇಲಿನ ಅರ್ಧ ತೋಟ ಅಂತ ತೀರ್ಮಾನ ಆಗಿದೆ. ಹೋದ ತಿಂಗಳು ಇಬ್ಬರೂ ಒಳಗೆ ಹೋಗಿ ಮರ ಎಣಿಸಿದೆವು. ಹೆಸರು ಹಿಡಿದು ಹೇಳಬಹುದಾದವೇ 23 ಬಗೆ. ತಮ್ಮ ಪಟ್ಟಿ ನೋಡಿ, ‘ಇದರಲ್ಲಿ ಯಾವುದಕ್ಕಾದರೂ ರೇಟು ಇದೆಯಾ?’ ಅಂದ. ಮುರುಗಲಿಗೆ ಇದೆ ಅಂದೆ. ‘ಹಂಗಾರೆ ಆ ಮೂಲೆ ಕಡಿಯೋದು ಬೇಡ’ ಅಂತ ಅವನೇ ಮರಕ್ಕೆ ಬಣ್ಣದ ದಾರ ಕಟ್ಟಿ ಬಂದ.